ನದರು ಬಿದ್ದ ನೀಲಿ ಚೀಲ

ಒಣಮೆಣಸಿನಕಾಯಿ ಸುಟ್ಟ ಘಾಟು ಮೂಗಿಗೆ ಬಡಿದರೆ ಎಲ್ಲರಿಗೂ ಕೆಮ್ಮು ಬರುತ್ತದೆ. ನನಗೆ ಕೆಮ್ಮಿನ ಜೊತೆಗೆ ಕಂಪ್ಯೂಟರೂ ನೆನಪಾಗುತ್ತದೆ. ಹೋದ ತಿಂಗಳು ಹೊಸಪೇಟೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಅತ್ತೆ ಮೊಮ್ಮಗುವಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಮನೆಯವರೆಲ್ಲ ಸೆರಗು, ಟವೆಲು ಮೂಗಿಗೆ ಒತ್ತಿಕೊಂಡು ಅಂಗಳಕ್ಕೆ ಓಡಿದರೆ ನಾನು ಕಣ್ಣೀರು ಒರೆಸಿಕೊಳ್ಳುತ್ತ ಒಳಗೇ ನಿಂತಿದ್ದೆ. ಏನಾಯಿತೆಂದು ತಂಗಿ ಕೇಳಿದಳು. ನೀಲಿ ಚೀಲವೊಂದು ನೆನಪಾಯಿತು ಎಂದೆ. ಅವಳಿಗೆ ಏನೂ ತಿಳಿಯಲಿಲ್ಲ.

ಅದು ಗಣಿಯ ಅಬ್ಬರದ ಕಾಲ. ಸಂಡೂರಿನಿಂದ ಹೊಸಪೇಟೆಗೆ ಬರುವ ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು ಮುಗಿಯುವುದೆಂಬುದೇ ಇರಲಿಲ್ಲ. ಬೇವಿನ ಮರಗಳು ಕೆಂಪಗಿದ್ದವು, ನಾಯಿಗಳು ಕೆಂಪಗಿದ್ದವು, ಒಣಗಲು ಹಾಕಿದ ಬಿಳಿ ಪಂಚೆಗಳೂ ಸಂಜೆಗೆ ಕೆಂಪಗಾಗುತ್ತಿದ್ದವು. ಊರಿನ ಬಾಯಲ್ಲಿ ಬರೀ ಅಂಕಿಗಳು. ಯಾರ ಲಾರಿ ಎಷ್ಟು, ಯಾರ ಗಣಿ ಎಷ್ಟು ಎಕರೆ ಎಂದು ಚಹಾದ ಅಂಗಡಿಯಲ್ಲಿ ಹೇಳಿದ ಸಂಖ್ಯೆ ಬಸ್‌ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಎರಡು ಪಟ್ಟಾಗುತ್ತಿತ್ತು. ಯಾರೂ ಅದನ್ನು ಸುಳ್ಳೆನ್ನುತ್ತಿರಲಿಲ್ಲ. ಊರೇ ಉಬ್ಬುತ್ತಿರುವಾಗ ಅಂಕಿಯೊಂದು ಉಬ್ಬಿದರೆ ತಪ್ಪೇನು ಎನ್ನುವ ಹಾಗಿತ್ತು.

ನಾನು ಎಮ್ಮಿಗನೂರಿನವಳು. ಅಪ್ಪ ಬೇರೆಯವರ ಕಬ್ಬಿನ ಗದ್ದೆಯಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಬುದ್ಧನ ಪಟವಿತ್ತು, ಅಂಬೇಡ್ಕರರ ಪಟವಿತ್ತು, ನನ್ನ ಬಿ.ಕಾಂ. ಸರ್ಟಿಫಿಕೇಟಿಗೂ ಅವುಗಳ ಪಕ್ಕದಲ್ಲೇ ಮೊಳೆ ಹೊಡೆದಿದ್ದರು. ಅದನ್ನು ಇಳಿಸಿಕೊಂಡು ಹೊಸಪೇಟೆಗೆ ಬಂದವಳಿಗೆ ಸಂಗಣ್ಣನವರ ನೆಟ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಸಂಗಣ್ಣನವರು ಕಂಪ್ಲಿಯವರು, ತಲೆಮಾರುಗಳಿಂದ ಅಕ್ಕಿ ಗಿರಣಿ ನಡೆಸಿಕೊಂಡು ಬಂದ ಮನೆತನ. ಹಣೆಗೆ ವಿಭೂತಿ, ಜೇಬಿಗೆ ಎರಡು ಮೊಬೈಲು. ಕಮಲಾಪುರದಲ್ಲಿ ಹಂಪಿಗೆ ಬರುವ ವಿದೇಶಿಯರಿಗಾಗಿ ಒಂದು ಅಂಗಡಿ ಇಟ್ಟಿದ್ದರು. ಸಂಡೂರಿನ ಹೊರಗೆ ಲಾರಿ ರಸ್ತೆಗೆ ಹತ್ತಿಕೊಂಡಂತೆ ಅವರದೊಂದು ತಗಡಿನ ಶೆಡ್ಡಿತ್ತು. ಅಲ್ಲಿ ತಾಂಡಾದ ಹೆಣ್ಣುಮಕ್ಕಳು ಕೂತು ಕನ್ನಡಿ ಚೂರು, ಕವಡೆ, ಬಣ್ಣದ ದಾರ ಹಾಕಿ ಲಂಬಾಣಿ ಕಸೂತಿಯ ಚೀಲ ಹೊಲಿಯುತ್ತಿದ್ದರು. ಆ ಚೀಲಗಳ ಫೋಟೋ ತೆಗೆದು ವಿದೇಶದ ಹರಾಜಿನ ವೆಬ್‌ಸೈಟಿಗೆ ಏರಿಸುವುದು ನನ್ನ ಕೆಲಸ.

ಜೊತೆಗೆ ಇನ್ನೊಂದು ಕೆಲಸವಿತ್ತು. ಆ ವೆಬ್‌ಸೈಟಿನಲ್ಲಿ ಯಾವ ಮಾಲಿಗೆ ಬೇಡಿಕೆ ಇದೆ, ಎಷ್ಟು ಜನ ನೋಡಿದರು, ಮುಂದಿನ ತಿಂಗಳು ಏನು ಓಡುತ್ತದೆ ಎಂದು ಹೇಳುವ ಒಂದು ಪ್ರೋಗ್ರಾಮಿಗೆ ಸಂಗಣ್ಣನವರು ಚಂದಾ ಕಟ್ಟಿದ್ದರು. ಅದರ ಇಂಗ್ಲಿಷ್ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ. ಕೊರವಂಜಿ ಹೇಳುವ ಕಣಿಯ ಹಾಗೆ ಮುಂದಾಗುವುದನ್ನು ಹೇಳುತ್ತದೆಂದು ಅದನ್ನು 'ಕಣಿ' ಎಂದು ಕರೆದರು. ದಿನಾ ಬೆಳಿಗ್ಗೆ ಕಂಪ್ಲಿಯಿಂದ ಫೋನು ಬರುತ್ತಿತ್ತು.

"ಏನವಾ ಸುಜಾತಾ, ಕಣಿ ಏನಂತೈತಿ?"

ಹಸಿರು ಬಾಣ ಮೇಲಕ್ಕಿದ್ದರೆ ಏರಿದೆ ಎನ್ನುತ್ತಿದ್ದೆ, ಕೆಂಪು ಬಾಣ ಕೆಳಕ್ಕಿದ್ದರೆ ಇಳಿದಿದೆ ಎನ್ನುತ್ತಿದ್ದೆ. ಅವರು ಅಷ್ಟಕ್ಕೇ ಆ ದಿನದ ಮುಖ ಮಾಡಿಕೊಳ್ಳುತ್ತಿದ್ದರು.

ಕಣಿ ಮೊದಲ ಸಲ ಕೈಕೊಟ್ಟಿದ್ದು ಬೇಸಿಗೆಯಲ್ಲಿ. ಕನ್ನಡಿಯ ಮಾಲಿಗೆ ಭಾರೀ ಬೇಡಿಕೆ ಎಂದು ದಪ್ಪ ಅಕ್ಷರದಲ್ಲಿ ತೋರಿಸಿತು. ಸಂಗಣ್ಣನವರು ನನ್ನನ್ನು ಕೇಳದೆಯೇ ಕನ್ನಡಿ ಚೂರಿನ ಮೂಟೆಗಳನ್ನು ತರಿಸಿಬಿಟ್ಟರು. ನಾನು ಆ ಅಂಕಿಯ ಹಿಂದೆ ಯಾವ ಯಾವ ಮಾಲು ಇದೆಯೆಂದು ಒಂದೊಂದಾಗಿ ತೆರೆದು ನೋಡಿದೆ. ಎಲ್ಲ ಕಾರಿನ ಬದಿಗೆ ಹಾಕುವ ಕನ್ನಡಿಗಳು. ಕಣಿಗೆ ಕನ್ನಡಿ ಎಂದರೆ ಕನ್ನಡಿ, ಅದು ಲಂಗದ ಮೇಲಿದ್ದರೇನು, ಕಾರಿನ ಮೇಲಿದ್ದರೇನು. ಅಪ್ಪ ಜಾನುವಾರು ಸಂತೆಗೆ ಹೋದರೆ ದಲ್ಲಾಳಿಯ ಮಾತು ಕೇಳಿಸಿಕೊಂಡೂ ಎತ್ತಿನ ಬಾಯಿ ತೆರೆದು ಹಲ್ಲು ನೋಡದೆ ಬಿಡುತ್ತಿರಲಿಲ್ಲ. ಅಂದಿನಿಂದ ನಾನೂ ಅಂಕಿಯ ಹಲ್ಲು ನೋಡಲು ಶುರುಮಾಡಿದೆ. ಮೂಟೆಗಳು ನೆಟ್ ಸೆಂಟರಿನ ಮೂಲೆಯಲ್ಲಿ ಬಹಳ ದಿನ ಮಿಣಮಿಣ ಎನ್ನುತ್ತಿದ್ದವು.

ಶೆಡ್ಡಿನ ಹೆಂಗಸರಿಗೆಲ್ಲ ಹಿರಿಯಳು ಹೀರಿಬಾಯಿ. ನಾನು ಹೀರಕ್ಕ ಎನ್ನುತ್ತಿದ್ದೆ. ಮೊದಲು ಅದಿರಿನ ಯಾರ್ಡಿನಲ್ಲಿ ಜರಡಿ ಹಿಡಿಯುತ್ತಿದ್ದಳು. ಅಲ್ಲಿ ದಿನಗೂಲಿ ಹೆಚ್ಚು, ಆದರೆ ಧೂಳು ಎದೆಗಿಳಿಯಿತು. ಇನ್ನೊಂದು ವರ್ಷ ಅಲ್ಲಿದ್ದರೆ ನಾನೇನೂ ಮಾಡಲಾರೆ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಸೂಜಿ ಹಿಡಿದಿದ್ದಳು. ಅಷ್ಟರಲ್ಲಿ ಟೈರಿನ ವ್ಯಾಪಾರಿಯೊಬ್ಬ ಸಂಗಣ್ಣನವರ ಬೆನ್ನು ಬಿದ್ದ. ಲಾರಿ ರಸ್ತೆಗೆ ಹತ್ತಿದ ಶೆಡ್ಡು ಅವನಿಗೆ ಬೇಕಿತ್ತು. ಸಂಗಣ್ಣನವರು ಶೆಡ್ಡಿಗೆ ಬಂದು ಹೆಂಗಸರ ಎದುರೇ ಹೇಳಿದರು:

"ದಸರಾ ಮಟ ನೋಡೋಣು. ಕಣಿ ಚಲೋ ಹೇಳಿದ್ರ ನೀವಿರ್ರಿ. ಇಲ್ಲಾಂದ್ರ ಟೈರಿನಾಂವ ಬರ್ತಾನ."

ಹೀರಕ್ಕ ತಲೆಯಾಡಿಸಿದಳು. ಶೆಡ್ಡು ಹೋದರೆ ಅವಳಿಗೆ ಮತ್ತೆ ಯಾರ್ಡೇ ಗತಿ ಎನ್ನುವುದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು.

ಆಮೇಲೆ ಆದದ್ದಕ್ಕೆಲ್ಲ ಒಂದು ಪದ ಕಾರಣ. ಒಂದು ಮಾಲಿನ ಪುಟವನ್ನು ಎಷ್ಟು ಸಲ ನೋಡಿದ್ದಾರೆ ಎನ್ನುವುದಕ್ಕೆ ವೆಬ್‌ಸೈಟಿನಲ್ಲಿ ವ್ಯೂಸ್ ಎಂದು ಬರೆದಿರುತ್ತಿತ್ತು. ಸಂತೆಯ ದಿನ ಹೆಂಗಸರು ಹೊಸಪೇಟೆಗೆ ಬಂದಾಗ ಸಂಗಣ್ಣನವರೂ ಅಲ್ಲಿದ್ದರು. ಹೀರಕ್ಕ ಹೊಲಿದ ಒಂದು ನೀಲಿ ಚೀಲದ ಫೋಟೋ ತೆರೆಸಿ, ಕೆಳಗಿನ ಅಂಕಿಗೆ ಬೆರಳಿಟ್ಟು, ದೊಡ್ಡ ಸುದ್ದಿ ಹೇಳುವವರ ಹಾಗೆ ಹೇಳಿದರು:

"ನೋಡವಾ ಹೀರಿಬಾಯಿ, ಇಷ್ಟ್ ಮಂದಿ ನದರು ಬಿದ್ದೈತಿ ನಿನ್ ಚೀಲದ ಮ್ಯಾಲ!"

ನಮ್ಮ ಕಡೆ ನದರು ಎಂದರೆ ನೋಟವೂ ಹೌದು, ಕೆಟ್ಟ ದೃಷ್ಟಿಯೂ ಹೌದು. ಸಂಗಣ್ಣನವರು ಹೇಳಿದ್ದು ಮೊದಲನೆಯದು, ಹೀರಕ್ಕನಿಗೆ ಕೇಳಿಸಿದ್ದು ಎರಡನೆಯದು. ಅವಳ ಮುಖ ಬಾಡಿತು.

"ಅದಕ್ಕ ಮಾರಾಟ ಆಗವಲ್ದು," ಎಂದಳು.

ಮುಂದಿನ ಸಂತೆಗೆ ಹೆಂಗಸರು ಸೆರಗಿನ ತುದಿಯಲ್ಲಿ ಉಪ್ಪು, ಮೆಣಸಿನಕಾಯಿ ಕಟ್ಟಿಕೊಂಡು ಬಂದರು. ಚಹಾದ ಅಂಗಡಿಯಿಂದ ಒಂದು ಹಂಚಿನ ತುಂಡಿನ ಮೇಲೆ ಕೆಂಡವೂ ಬಂತು. ಒಬ್ಬೊಬ್ಬರೂ ತಮ್ಮ ತಮ್ಮ ಚೀಲ ತೋರಿಸಲು ಹೇಳುವುದು, ನಾನು ಪುಟ ತೆರೆಯುವುದು, ಅವರು ಮಾನಿಟರಿಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕುವುದು. ಪಕ್ಕದ ಕಂಪ್ಯೂಟರುಗಳಲ್ಲಿ ಮಿಂಚೆ ಬರೆಯುತ್ತಿದ್ದ ವಿದೇಶಿ ಹುಡುಗ ಹುಡುಗಿಯರು ಕಣ್ಣುಜ್ಜಿಕೊಳ್ಳುತ್ತ ರಸ್ತೆಗೆ ಬಿದ್ದರು. ಪರೀಕ್ಷೆಯ ರಿಸಲ್ಟು ನೋಡಲು ಬಂದವನೊಬ್ಬ ಅಳುತ್ತ ಹೋದದ್ದು ಫೇಲಾಗಿದ್ದಕ್ಕೋ ಘಾಟಿಗೋ ಗೊತ್ತಾಗಲಿಲ್ಲ.

ಘಾಟು ಬಂದರೆ ನದರಿಲ್ಲ, ಘಾಟು ಬಾರದಿದ್ದರೆ ನದರು ಬಲವಾಗಿದೆ ಎಂದು ಲೆಕ್ಕ. ತೀರ್ಪು ಹೇಳಬೇಕಾದವಳು ಹಿರಿಯಳು. ಹೀರಕ್ಕ ಕೆಂಡದ ಮೇಲೆ ಬಗ್ಗಿ ಮೂಸಿ ಹೇಳಿದಳು:

"ಏನೂ ಘಾಟಿಲ್ಲ. ಭಾಳ ನದರಾಗೇತಿ. ಮುಂದಿನ ವಾರನೂ ತಗೀಬೇಕು."

ಅದಿರಿನ ಧೂಳು ಅವಳ ಮೂಗನ್ನು ಎಂದೋ ಕೊಂದುಹಾಕಿತ್ತು. ಅವಳು ಕೆಮ್ಮುತ್ತಲೇ ಇದ್ದಳು ನಿಜ, ಆದರೆ ಅವಳು ಯಾವಾಗಲೂ ಕೆಮ್ಮುವವಳು, ಆ ಕೆಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸುತ್ತಲಿನವರೆಲ್ಲ ಕಣ್ಣು ಮೂಗು ಸೋರಿಸಿಕೊಂಡು ನಿಂತಿದ್ದರೂ ಹಿರಿಯಳ ಮಾತಿಗೆ ಎದುರಾಡಲಿಲ್ಲ. ಸಂಗಣ್ಣನವರಿಗೆ ಕಣಿ, ಇವರಿಗೆ ಹೀರಕ್ಕನ ಮೂಗು.

ಮುಂಗಾರು ಹಿಡಿಯಿತು. ಧೂಳೆಲ್ಲ ಕೆಸರಾಯಿತು, ಬಸ್ಸುಗಳು ಮೊಣಕಾಲುದ್ದ ಕೆಂಪು ಬಳಿದುಕೊಂಡು ಬರುತ್ತಿದ್ದವು. ಹೆಂಗಸರು ಮಳೆಯಲ್ಲೂ ಬಂದು ನದರು ತೆಗೆದು ಹೋದರು. ಅತ್ತ ಅಂಕಿಗಳು ಏರತೊಡಗಿದವು. ಕಣಿಯಲ್ಲಿ ನಮ್ಮ ಬಗೆಯ ಚೀಲಕ್ಕೆ ಹಸಿರು ಬಾಣ, ಅದರ ಪಕ್ಕದಲ್ಲಿ ಬೆಂಕಿಯ ಚಿತ್ರ. ಸಂಗಣ್ಣನವರು ಫೋನಿನಲ್ಲಿ ನಕ್ಕ ಸದ್ದಿಗೆ ನಾನು ಕಿವಿಯಿಂದ ರಿಸೀವರು ದೂರ ಹಿಡಿಯಬೇಕಾಯಿತು. ಶೆಡ್ಡು ಉಳಿಯಿತೆಂದೇ ಎಲ್ಲರೂ ತಿಳಿದರು. ನದರು ಹೆಚ್ಚಿದೆಯೆಂದು ಹೀರಕ್ಕ ಮತ್ತು ಉಳಿದ ಹೆಂಗಸರು ಮೆಣಸಿನಕಾಯಿಯನ್ನೂ ಹೆಚ್ಚಿಸಿದರು. ಒಂದು ಚೀಲವೂ ಮಾರಾಟವಾಗಲಿಲ್ಲ.

ಇಷ್ಟು ಜನ ನೋಡಿ ಒಬ್ಬರೂ ಏನೂ ಕೇಳುವುದಿಲ್ಲವಲ್ಲ ಎನ್ನುವುದು ನನ್ನನ್ನು ಕಾಡಿತು. ಕೊಳ್ಳುವವನು ಉದ್ದ ಎಷ್ಟು, ಅಗಲ ಎಷ್ಟು, ಬಣ್ಣ ಹೋಗುತ್ತದೆಯೇ ಎಂದು ಏನಾದರೊಂದು ಕೊಂಕು ತೆಗೆಯುತ್ತಾನೆ. ಕಮಲಾಪುರದ ಅಂಗಡಿಗೆ ಬಂದವರೂ ಹಾಗೆಯೇ. ಪರೀಕ್ಷೆಗೆಂದು ನಮ್ಮ ಹೆಂಗಸರು ಮುಟ್ಟದ, ಪೇಟೆಯಿಂದ ತಂದ ಒಂದು ಟವೆಲನ್ನು ವೆಬ್‌ಸೈಟಿಗೆ ಏರಿಸಿದೆ. ಅದನ್ನು ನಾಯಿಯೂ ಮೂಸಲಿಲ್ಲ. ಚೀಲಗಳ ಅಂಕಿಯನ್ನು ಮಾತ್ರ ದಿನಾ ಗಮನಿಸಿದೆ. ವಾರವೆಲ್ಲ ಸುಮ್ಮನಿದ್ದದ್ದು ಸಂತೆಯ ದಿನ ಜಿಗಿಯುತ್ತಿತ್ತು. ನದರು ತೆಗೆಯಲು ಪುಟ ತೆರೆಯಬೇಕು, ಪುಟ ತೆರೆದರೆ ಅಂಕಿ ಏರಬೇಕು, ಅಂಕಿ ಏರಿದರೆ ಮತ್ತೆ ನದರು ತೆಗೆಯಬೇಕು. ಲಂಬಾಣಿ ಚೀಲವೆಂದು ಹೆಸರಿಟ್ಟು ಅಲ್ಲಿ ಮಾರುತ್ತಿದ್ದವರು ಹೆಚ್ಚುಕಡಿಮೆ ನಾವೇ ಆದ್ದರಿಂದ, ಕಣಿ ನಮ್ಮದೇ ಅಂಕಿಯನ್ನು ಲೋಕದ ಬೇಡಿಕೆ ಎಂದು ನಮಗೇ ಓದಿ ಹೇಳುತ್ತಿತ್ತು.

ಆ ಸುಳ್ಳು ಅಂಕಿಯ ಮೇಲೆಯೇ ಶೆಡ್ಡು ನಿಂತಿತ್ತು. ಹೇಳದೆ ಇರೋಣವೆಂದರೆ, ಸಂಗಣ್ಣನವರು ಇನ್ನಷ್ಟು ಹೆಂಗಸರಿಗೆ ಯಾರ್ಡಿನ ಕೆಲಸ ಬಿಟ್ಟು ಬರಲು ಹೇಳಿ ಕಳಿಸಿದ್ದರು. ನಾನು ಮೊದಲು ಸಂಡೂರಿಗೆ ಹೋಗಿ ಹೀರಕ್ಕನಿಗೆ ಹೇಳಿದೆ. ಶೆಡ್ಡಿನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಅವಳು ಸೂಜಿ ನಿಲ್ಲಿಸದೆ ಕೇಳಿಸಿಕೊಂಡಳು.

"ಹಂಗಾರ ಅಷ್ಟ್ ಮಂದಿ ನೋಡ್ಯಾರ ಅಂದ್ರಲ್ಲ, ಅವರು ಯಾರವಾ?"

"ನೀವ ಅಕ್ಕ. ನೀವೆಲ್ಲಾರೂ."

ಸೂಜಿ ನಿಂತಿತು. "ನಮ್ ನದರ ನಮಗ ಬಿತ್ತೇನು?" ಎಂದಳು.

ನಾನು ಎರಡು ವಾರ ಯಾರೂ ಚೀಲಗಳನ್ನು ಕಂಪ್ಯೂಟರಿನಲ್ಲಿ ನೋಡುವುದು ಬೇಡ, ಆಗ ಹೊರಗಿನವರು ಎಷ್ಟೆಂದು ತಿಳಿಯುತ್ತದೆ ಎಂದೆ. ನದರು ತೆಗೆಯದೆ ಎರಡು ವಾರ ಬಿಡುವುದೇ ಎಂದು ಒಬ್ಬಳು ಗಾಬರಿಯಾದಳು. ಹೀರಕ್ಕ ಯೋಚಿಸಿ ಒಂದು ದಾರಿ ಕಂಡುಹಿಡಿದಳು. ಅಂಗೈಯಗಲದ ಕೆಂಪು ಬಟ್ಟೆಗೆ ಒತ್ತೊತ್ತಾಗಿ ಕನ್ನಡಿ ಹೊಲಿದು ಕೊಟ್ಟಳು.

"ಇದನ್ನ ಆ ಟೀವಿ ನೆತ್ತಿಗೆ ಕಟ್ಟು. ಬಂದ ನದರು ಹಂಗ ಹೊಳ್ಳಿ ಹೋಗ್ತೈತಿ."

ಬೇಸಿಗೆಯ ಕನ್ನಡಿ ಮೂಟೆಗಳಿಗೆ ಕಡೆಗೂ ಒಂದು ಉಪಯೋಗ ಸಿಕ್ಕಿತು.

ಆಮೇಲೆ ಸಂಗಣ್ಣನವರಿಗೂ ಹೇಳಿದೆ. ಅವರು ಬೈಯಲಿಲ್ಲ. ಅಂಕಿಯಲ್ಲಿ ನಮ್ಮವರೇ ಕಲೆತಿದ್ದಾರೆ ಎಂದದ್ದು ಗಿರಣಿಯವರಿಗೆ ಕೂಡಲೇ ಅರ್ಥವಾಯಿತು.

"ಭತ್ತ ಅಂದ ಮ್ಯಾಲ ಹೊಟ್ಟು ಇರೂದ. ತೂರಿ ನೋಡು. ಅಕ್ಕಿ ಎಷ್ಟ್ ಉಳೀತೈತಿ ಹೇಳು, ಶೆಡ್ಡಿಂದು ಆಮ್ಯಾಲ ನೋಡೋಣು."

ಹೊಸ ಹೆಂಗಸರಿಗೆ ಸದ್ಯಕ್ಕೆ ಬರಬೇಡಿ ಎಂದು ಹೇಳಿಕಳಿಸಿದರು. ಹೊಸಪೇಟೆಯಲ್ಲಿ ಯಾರೂ ಚೀಲದ ಪುಟ ತೆರೆಯಬಾರದೆಂದು ನೆಟ್ ಸೆಂಟರಿಗೆ ತಾವೇ ಬಂದು ಕಟ್ಟಪ್ಪಣೆ ಮಾಡಿದರು. ಸಂತೆಯ ದಿನ ಹೀರಕ್ಕ ಮತ್ತು ಉಳಿದ ಹೆಂಗಸರು ಬಾಗಿಲ ತನಕ ಬಂದು, ಮಾನಿಟರಿನ ಬೆನ್ನನ್ನಷ್ಟೇ ನೋಡಿ, ಕೆಂಪು ಬಟ್ಟೆ ಕಟ್ಟಿದ್ದೇನೆಯೇ ಎಂದು ಕೇಳಿಕೊಂಡು ಹೋದರು. ನಾನು ಕೂಡ ಪುಟ ತೆರೆಯದೆ, ಎಲ್ಲ ಮಾಲಿನ ಅಂಕಿಗಳು ಒಟ್ಟಿಗೆ ಕಾಣುವ ಮಾರಾಟಗಾರರ ಹಾಳೆಯಿಂದಲೇ ನೋಡುತ್ತಿದ್ದೆ.

ಅಂಕಿಗಳು ಕೂತುಬಿಟ್ಟವು. ಒಂದೊಂದು ಚೀಲಕ್ಕೂ ಹೊಸ ನೋಟ ಸೊನ್ನೆ. ಕಣಿಯಲ್ಲಿ ಬೆಂಕಿಯ ಚಿತ್ರ ಆರಿತು, ಬಾಣ ಕೆಂಪಾಗಿ ಕೆಳಗೆ ಬಿತ್ತು. ಆದರೆ ಹೀರಕ್ಕನ ನೀಲಿ ಚೀಲದ ಎದುರು ಮಾತ್ರ ದಿನಕ್ಕೊಂದು ಏರುತ್ತಿತ್ತು. ತಪ್ಪದೆ, ದಿನಾ ಬೆಳಿಗ್ಗೆ, ಒಂದು.

ಸಂಗಣ್ಣನವರಿಗೆ ಹೇಳಿದೆ. ಅವರಿಗೆ ಹೊಸ ಜೀವ ಬಂದಂತಾಯಿತು. "ಯಾವನೋ ಪುಣ್ಯಾತ್ಮ ದಿನಾ ನೋಡಾಕತ್ತಾನ ನೋಡು! ತಗೊಳ್ಳಾಕ ಮನಸ್ ಮಾಡಾಕತ್ತಾನ!" ಎಂದರು. ಅವನಿಗೆ 'ನಮ್ಮ ಗಿರಾಕಿ' ಎಂದು ಹೆಸರಿಟ್ಟರು. ಒಮ್ಮೆ ಹಂಪಿ ನೋಡಿ ಹೋದ ಜರ್ಮನಿಯ ಮಾಸ್ತರನಿರಬೇಕು ಎಂದು ಊಹೆಯನ್ನೂ ಕಟ್ಟಿದರು. ದಿನಾ ಬೆಳಿಗ್ಗೆಯ ಫೋನಿನಲ್ಲಿ ಕಣಿಯ ಮಾತು ನಿಂತು ಗಿರಾಕಿಯ ಮಾತು ಶುರುವಾಯಿತು. ಸುದ್ದಿ ಶೆಡ್ಡಿಗೂ ಹೋಯಿತು. ಲೋಕದಲ್ಲಿ ಎಲ್ಲಿಯೋ ಒಬ್ಬರು ತನ್ನ ಹೊಲಿಗೆಯನ್ನು ದಿನಾ ನೋಡುತ್ತಾರೆ ಎನ್ನುವುದಕ್ಕೆ ಹೀರಕ್ಕನ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ. ಕೆಟ್ಟ ನದರಲ್ಲ, ದಿನಕ್ಕೊಂದೇ ಅಲ್ಲವೇ ಎಂದಳು.

ಎರಡು ವಾರ ಮುಗಿದ ಮೇಲೆ, ಆ ನೀಲಿ ಚೀಲ ತೆಗೆದುಕೊಂಡು ಹೀರಿಬಾಯಿಯನ್ನೂ ಕರೆದುಕೊಂಡು ಕಂಪ್ಲಿಗೆ ಬಾ, ಶೆಡ್ಡಿನ ಮಾತು ಮುಗಿಸೋಣ ಎಂದು ಸಂಗಣ್ಣನವರು ಹೇಳಿದರು. ಬೆಳಿಗ್ಗೆ ಹೊರಟೆವು. ಕಾಲುವೆ ತುಂಬಿ ಹರಿಯುತ್ತಿತ್ತು, ಎರಡೂ ಕಡೆ ಭತ್ತದ ಹಸಿರು. ಕಂಪ್ಲಿಯ ಕಡೆ ಮಣ್ಣು ಮಣ್ಣಿನ ಬಣ್ಣವೇ ಇತ್ತು. ಹೀರಕ್ಕ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ದಾರಿಯುದ್ದಕ್ಕೂ ಹೆಚ್ಚು ಕೆಮ್ಮಲಿಲ್ಲ.

ಗಿರಣಿಯ ಆಫೀಸಿನ ಬಾಗಿಲು ತೆರೆದೇ ಇತ್ತು. ಯಂತ್ರದ ಸದ್ದಿಗೆ ನಾವು ಬಂದದ್ದು ಸಂಗಣ್ಣನವರಿಗೆ ಕೇಳಿಸಲಿಲ್ಲ. ಅವರು ಕನ್ನಡಕ ಹಣೆಗೇರಿಸಿ, ಹೊಸದಾಗಿ ಹಾಕಿಸಿದ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿದ್ದರು. ಪರದೆಯ ತುಂಬ ಹೀರಕ್ಕನ ನೀಲಿ ಚೀಲ.

"ಏನ್ ನೋಡಾಕತ್ತೀರಿ ಸಾವ್ಕಾರ್ರ?" ಎಂದಳು ಹೀರಕ್ಕ.

ಅವರು ತಿರುಗಿ ನಮ್ಮನ್ನು ನೋಡಿ ಸಂತೋಷದಿಂದಲೇ ಹೇಳಿದರು: "ಬರ್ರಿ, ಬರ್ರಿ, ಕುಂದ್ರಿ. ನಮ್ ಗಿರಾಕಿ ಇವತ್ತ ನೋಡ್ಯಾನೋ ಇಲ್ಲೋ ಅಂತ ನೋಡಾಕತ್ತಿದ್ದೆ. ಈ ಕಂಪ್ಯೂಟರ್ ಬಂದಾಗಿಂದ ದಿನಾ ನೋಡ್ತೀನಿ, ಅಂವ ಒಂದ್ ದಿನಾನೂ ತಪ್ಪಿಸಿಲ್ಲ."

ನಾನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ತಾವು ಹೇಳಿದ್ದು ತಮಗೇ ಕೇಳಿಸಿದ ಹಾಗೆ ಅವರ ನಗು ಮೆಲ್ಲಗೆ ಇಳಿಯಿತು. ಕನ್ನಡಕ ಹಣೆಯಿಂದ ಮೂಗಿಗೆ ಜಾರಿತು. ಹೊಸಪೇಟೆಗೆಲ್ಲ ಕಟ್ಟಪ್ಪಣೆ ಮಾಡಿದವರಿಗೆ ಕಂಪ್ಲಿಯಲ್ಲಿ ಕೂತ ತಾವೂ ಲೆಕ್ಕಕ್ಕೆ ಬರುತ್ತೇವೆಂದು ಹೊಳೆದೇ ಇರಲಿಲ್ಲ. ಅವರ ತಪ್ಪೇನು, ನನಗೂ ಹೊಳೆದಿರಲಿಲ್ಲ.

"ಅಂದ್ರ ಜರ್ಮನಿ ಮಾಸ್ತರ..." ಎಂದರು.

"ಇಲ್ರಿ," ಎಂದೆ.

"ಒಬ್ಬನೂ ಇಲ್ಲ?"

"ಒಬ್ರೂ ಇಲ್ರಿ."

ಮೇಜಿನ ಮೇಲಿದ್ದ ಎರಡು ಮೊಬೈಲುಗಳಲ್ಲಿ ಒಂದು ಹೊಡೆದುಕೊಂಡಿತು. ಟೈರಿನ ವ್ಯಾಪಾರಿ. ಸಂಗಣ್ಣನವರು ಅದನ್ನೇ ನೋಡುತ್ತ ಕೂತರು, ಎತ್ತಲಿಲ್ಲ. ನಾನು ಹೀರಕ್ಕನ ಕಡೆ ನೋಡಲಾರದೆ ಗೋಡೆಯ ಕ್ಯಾಲೆಂಡರು ನೋಡಿದೆ. ತೂರಿದ್ದಾಯಿತು, ಅಕ್ಕಿ ಒಂದು ಕಾಳೂ ಉಳಿಯಲಿಲ್ಲ, ಇನ್ನು ಈಕೆ ಯಾರ್ಡಿಗೆ ಹೋಗುತ್ತಾಳೆ ಎಂದುಕೊಂಡೆ.

ಹೀರಕ್ಕ ಎದ್ದು, ಪೇಪರಿನಲ್ಲಿ ಸುತ್ತಿದ ನೀಲಿ ಚೀಲ ಬಿಚ್ಚಿ ಸಂಗಣ್ಣನವರ ಮುಂದಿಟ್ಟಳು.

"ತಗೋರಿ."

"ಏನವಾ ಇದು?"

"ಉಣ್ಣೋವಾಗ ಯಾರರ ನೋಡಿದ್ರ ಅವರಿಗೊಂದು ತುತ್ತು ಕೊಡ್ತೀವಿಲ್ರಿ? ಕೊಡದ ಇದ್ರ ನದರು ಹೊಟ್ಟ್ಯಾಗ ಕುಂದರ್ತೈತಿ. ಇಷ್ಟ್ ದಿನ ಇದನ್ನ ನೋಡ್ದೋರು ನೀವೊಬ್ರ. ನಿಮಗ ಕೊಡಲಿಲ್ಲಂದ್ರ ಈ ನದರು ಹೋಗಂಗಿಲ್ರಿ."

"ಪುಕ್ಕಟೆ ಬ್ಯಾಡವಾ."

"ನದರಿಗೆ ಯಾರರ ರೇಟು ಹಚ್ತಾರೇನ್ರಿ?"

ಸಂಗಣ್ಣನವರು ಚೀಲವನ್ನು ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು, ಕನ್ನಡಿಗಳ ಮೇಲೆ ಹೆಬ್ಬೆರಳಾಡಿಸಿದರು. ಪರದೆಯಲ್ಲಿ ಅಷ್ಟು ದಿನ ನೋಡಿದ್ದನ್ನು ಅವರು ಒಮ್ಮೆಯೂ ಮುಟ್ಟಿರಲಿಲ್ಲ ಎನ್ನುವುದು ಆಗ ನನಗೆ ತಿಳಿಯಿತು. ಮೊಬೈಲು ಮತ್ತೆ ಹೊಡೆದುಕೊಂಡಿತು. ಈ ಸಲ ಎತ್ತಿದರು.

"ನಮಸ್ಕಾರ್ರಿ. ಇಲ್ರಿ, ಶೆಡ್ಡು ಖಾಲಿ ಇಲ್ರಿ. ಒಳಗ ಮಂದಿ ಅದಾರ." ಆ ಕಡೆಯವನು ಏನೋ ಅಂದ. "ಹೂಂ, ದಸರಾ ಆದ ಮ್ಯಾಲೂ ಇರ್ತಾರ್ರಿ."

ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಅತ್ತೆ. ಹೀರಕ್ಕ ನನ್ನನ್ನು ಸುಮ್ಮನಿರಿಸಲು ಹೋಗಲಿಲ್ಲ, ಕಡಲೆ ಕೊಂಡು ಅರ್ಧ ಕೊಟ್ಟಳು.

ಸಂಗಣ್ಣನವರು ಕಣಿಯ ಚಂದಾ ನಿಲ್ಲಿಸಲಿಲ್ಲ. ಅದು ಹೇಳಿದ್ದನ್ನು ಅರ್ಧ ಕಿವಿಯಲ್ಲಿ ಕೇಳಿ, ನಮ್ಮವರೆಷ್ಟು ಎಂದು ಮೊದಲು ಕಳೆದು, ಉಳಿದದ್ದನ್ನು ಕಮಲಾಪುರದ ಅಂಗಡಿಗೆ ಬಂದವರು ಏನು ಮುಟ್ಟಿ ನೋಡುತ್ತಾರೆ ಎನ್ನುವುದರ ಜೊತೆ ಹೋಲಿಸಿ, ಆಮೇಲೆ ಮಾಲು ಮಾಡಿಸುತ್ತಿದ್ದೆವು. ಇವತ್ತಿಗೂ ನನ್ನ ಅನ್ನ ಇಂಥ ಅಂಕಿಗಳಿಂದಲೇ ಬರುತ್ತದೆ. ಈಗಿನ ಕಣಿಗಳು ಇನ್ನೂ ಚೆಂದವಾಗಿ ಮಾತಾಡುತ್ತವೆ. ನಾನು ಈಗಲೂ ಅವುಗಳ ಬಾಯಿ ತೆರೆಸಿ ಹಲ್ಲು ನೋಡುತ್ತೇನೆ.

ಕಂಪ್ಲಿಯಿಂದ ಬಂದ ಮರುದಿನ ಬೆಳಿಗ್ಗೆ ರೂಢಿಯಂತೆ ಮಾರಾಟಗಾರರ ಹಾಳೆ ತೆರೆದೆ. ನೀಲಿ ಚೀಲವನ್ನು ವೆಬ್‌ಸೈಟಿನಿಂದ ತೆಗೆಯುವುದು ಬಾಕಿಯಿತ್ತು. ಹಿಂದಿನ ದಿನ ಕಂಪ್ಲಿಯ ಪರದೆಯಲ್ಲಿ ಕಂಡದ್ದಕ್ಕಿಂತ ಅದರ ಎದುರಿನ ಅಂಕಿ ಒಂದು ಏರಿತ್ತು. ಸಂಗಣ್ಣನವರಿಗೆ ಫೋನು ಮಾಡಿ ಇನ್ನೂ ನೋಡುತ್ತಿದ್ದೀರಾ ಎಂದು ಕೇಳಿದೆ.

"ಚೀಲ ಮನ್ಯಾಗ ಗೂಟಕ್ಕ ತೂಗುಬಿದ್ದೈತಿ. ಅದರಾಗ ಯಾಕ ನೋಡ್ಲಿ?" ಎಂದರು.

ಅಂದು ಸಂತೆಯ ದಿನವಲ್ಲ. ಶೆಡ್ಡಿನ ಹೆಂಗಸರು ಯಾರೂ ಬಂದಿರಲಿಲ್ಲ. ನಾನು ಪುಟ ತೆರೆದಿರಲಿಲ್ಲ. ಹಾಳೆಯ ಮೂಲೆಯಲ್ಲಿ ಲಕೋಟೆಯ ಗುರುತೊಂದು ಮಿನುಗುತ್ತಿತ್ತು, ಅದುವರೆಗೆ ಯಾರೂ ಏನೂ ಬರೆಯದ್ದರಿಂದ ಆ ಗುರುತನ್ನು ನಾನು ಕಂಡೇ ಇರಲಿಲ್ಲ. ಒತ್ತಿದೆ. ಯಾವುದೋ ದೇಶದ ಒಬ್ಬ ಹೆಂಗಸು ಎರಡು ಸಾಲು ಬರೆದಿದ್ದಳು. ಹೆಗಲ ಪಟ್ಟಿ ಎಷ್ಟು ಉದ್ದವಿದೆ, ತಾನು ಎತ್ತರದ ಆಳು. ಈ ನೀಲಿ ಚೀಲ ಇನ್ನೂ ಇದೆಯೇ?

ಮಾನಿಟರಿನ ನೆತ್ತಿಯ ಮೇಲೆ ಕೆಂಪು ಬಟ್ಟೆಯ ಕನ್ನಡಿಗಳು ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು. ನನಗೆ ಬರುವ ಇಂಗ್ಲಿಷಿನಲ್ಲಿ ಉತ್ತರ ಬರೆದೆ: ಆ ಚೀಲ ಹೋಯಿತು. ಹೊಲಿದವರು ಇದ್ದಾರೆ.